ಸುಮ್ಮನಿರುವುದು ಒಪ್ಪಿಗೆಯಲ್ಲ

ಪ್ರಶ್ನೆ: ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ನಾನು ಶಾಖಾ ವ್ಯವಸ್ಥಾಪಕ. ಕಳೆದ ಏಪ್ರಿಲ್‌ನಿಂದ ಕಿರ್ದಿ, ಖತಾವಣಿ ಎಲ್ಲವನ್ನೂ ಕಂಪ್ಯೂಟರಿಗೆ ತಂದಿದ್ದೇವೆ. ತರಬೇತಿಯ ದಿನ ಯಾರೂ ಎದುರಾಡಲಿಲ್ಲ. ಆದರೆ 25 ವರ್ಷ ಲೆಕ್ಕ ಬರೆದ ಹಿರಿಯ ಗುಮಾಸ್ತರು ಈಗ ಮಾತೇ ಬಿಟ್ಟಿದ್ದಾರೆ. ಸಂಜೆ ಎಲ್ಲರೂ ಹೋದ ಮೇಲೆ ಹಳೆಯ ಪುಸ್ತಕದಲ್ಲೂ ಬರೆದಿಡುತ್ತಾರೆ. ಆಡಳಿತ ಮಂಡಳಿ ಅವಸರಪಡಿಸುತ್ತಿದೆ. ಇಂಥದ್ದನ್ನು ಯಾರಾದರೂ ಅಧ್ಯಯನ ಮಾಡಿದ್ದಾರೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾನ್ಯರೇ, ಮಾಡಿದ್ದಾರೆ, ಅದೂ ನಿಮ್ಮಂತೆ ನಡುವಿನ ಸ್ಥಾನದಲ್ಲಿ ನಿಂತವರನ್ನೇ ಗಮನಿಸಿ. ಇನ್‌ಸಿಯಾಡ್ ವ್ಯವಹಾರ ಶಾಲೆಯ ಪ್ರಾಧ್ಯಾಪಕ ಕ್ವಿ ಹುಯ್ ಅವರು ದೊಡ್ಡ ಬದಲಾವಣೆಗೆ ಕೈಹಾಕಿದ್ದ ಒಂದು ಮಾಹಿತಿ ತಂತ್ರಜ್ಞಾನ ಸಂಸ್ಥೆಯನ್ನು ಮೂರು ವರ್ಷ ಹತ್ತಿರದಿಂದ ನೋಡಿ, 2002ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮಧ್ಯಮ ಹಂತದ ವ್ಯವಸ್ಥಾಪಕರಿಗೇ ಬದಲಾವಣೆಯಲ್ಲಿ ಮನಸ್ಸಿಲ್ಲದ ಕಡೆ ಕೆಲಸ ಇದ್ದಲ್ಲಿಯೇ ಜಡವಾಗಿ ಉಳಿಯಿತು; ಅವರು ಉತ್ಸಾಹದಿಂದ ಮುನ್ನುಗ್ಗಿದರೂ ಕೈಕೆಳಗಿನವರ ಭಾವನೆಗಳತ್ತ ಕಣ್ಣು ಹಾಯಿಸದ ಕಡೆ ಎಲ್ಲವೂ ಅಸ್ತವ್ಯಸ್ತವಾಯಿತು. ಹೊಸದನ್ನು ಹಿಡಿದೂ ಜನರ ಕಳವಳವನ್ನು ಕೇಳಿಸಿಕೊಂಡು, ದಿನನಿತ್ಯದ ಕೆಲಸ ತಪ್ಪದಂತೆ ನೋಡಿಕೊಂಡ ಕಡೆ ಮಾತ್ರ ಬದಲಾವಣೆ ನೆಲೆಗೊಂಡಿತು. ಕಳವಳ ಕೇಳುವುದನ್ನು ಬಿಡುವಿದ್ದಾಗ ತೋರುವ ಸೌಜನ್ಯವೆಂದು ಭಾವಿಸಬೇಡಿ. ಅದು ನಿಮ್ಮ ಹುದ್ದೆಯ ಕೆಲಸವೇ ಆಗಿದೆ.

ತರಬೇತಿಯ ದಿನದ ಆ ಮೌನದ ಬಗ್ಗೆಯೂ ಹೇಳಬೇಕು. ಹುಯ್ ಅವರು ಟಿಮೊ ವೂರಿ ಎಂಬ ಸಂಶೋಧಕರೊಡನೆ 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ, ಸ್ಮಾರ್ಟ್‌ಫೋನ್ ಪೈಪೋಟಿಯಲ್ಲಿ ನೋಕಿಯಾ ಸೋತದ್ದನ್ನು 76 ಸಂದರ್ಶನಗಳ ಮೂಲಕ ಪರಿಶೀಲಿಸಿತು. ಮೇಲಿನವರಿಗೆ ಹೊರಗಿನ ಪ್ರತಿಸ್ಪರ್ಧಿಗಳ ಭಯ, ನಡುವಿನವರಿಗೆ ಮೇಲಿನವರ ಭಯ. ಹೀಗಾಗಿ ಕಷ್ಟದ ಸಂಗತಿಗಳು ಮೇಲಕ್ಕೆ ಹೋಗಲಿಲ್ಲ, ಮೇಲಿನವರು ಎಲ್ಲವೂ ಸರಿಯಿದೆಯೆಂದೇ ನಂಬಿ ಇನ್ನಷ್ಟು ಒತ್ತಡ ಹೇರಿದರು. ನಿಮ್ಮ ಶಾಖೆ ಚಿಕ್ಕದಿರಬಹುದು, ಆದರೆ ಮಂಡಳಿ, ನೀವು, ಗುಮಾಸ್ತರು ಎಂಬ ಮೂರು ಮೆಟ್ಟಿಲುಗಳು ಅಲ್ಲಿಯೂ ಇವೆ. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದ್ದನ್ನು ಕಂಡ ಊರು ನಮ್ಮದು. ಕೆಲಸ ಹೋಗುವುದೆಂದರೇನೆಂದು ಇಲ್ಲಿನ ಹಿರಿಯರಿಗೆ ಯಾರೂ ವಿವರಿಸಬೇಕಿಲ್ಲ.

ಆ ಗುಮಾಸ್ತರ ಸಂಜೆಯ ಬರವಣಿಗೆಯನ್ನು ನಾನು ಹಟವೆಂದು ಓದಲಾರೆ. ಸದಸ್ಯರ ಹಣ ತಪ್ಪಿಹೋಗಬಾರದೆಂಬ ಕಾಳಜಿಯೂ, 25 ವರ್ಷ ತಮ್ಮ ಕೈಬರಹದ ಮೇಲೆ ಎಲ್ಲರೂ ಇಟ್ಟಿದ್ದ ನಂಬಿಕೆ ಕೈಜಾರುತ್ತಿದೆಯೆಂಬ ನೋವೂ ಅದರಲ್ಲಿ ಬೆರೆತಿರಬಹುದು. ಕಂಪ್ಯೂಟರ್ ಬಂದ ಹೊಸದರಲ್ಲಿ ಎರಡೂ ಲೆಕ್ಕಗಳನ್ನು ಕೆಲಕಾಲ ಜೊತೆಯಾಗಿ ನಡೆಸಿ ತಾಳೆ ನೋಡುವುದು ಒಪ್ಪಿತವಾದ ಪದ್ಧತಿಯೇ. ಅವರು ಕದ್ದು ಮಾಡುತ್ತಿರುವುದನ್ನು ಹಗಲಿನಲ್ಲಿ, ಕಚೇರಿಯ ವೇಳೆಯಲ್ಲಿ, ನಿಮ್ಮ ಆದೇಶದ ಮೇರೆಗೆ ಮಾಡಲಿ. ವ್ಯತ್ಯಾಸ ಕಂಡರೆ ಗುರುತಿಸಿ ಸಹಿ ಹಾಕುವ ಹೊಣೆಯೂ ಅವರದೇ ಆಗಲಿ. ಹಳೆಯ ಪುಸ್ತಕ ಯಾವ ದಿನ ನಿಲ್ಲಬೇಕೆಂಬುದನ್ನು ಅವರನ್ನು ಕೂಡಿಸಿಕೊಂಡೇ ಗೊತ್ತುಪಡಿಸಿ, ಆ ತಾರೀಖನ್ನು ಮುಂದೂಡಬೇಡಿ. ಅದಕ್ಕೂ ಮೊದಲು ಅವರು ಒಬ್ಬರೇ ಇರುವಾಗ, ‘ಯಾವ ಲೆಕ್ಕದಲ್ಲಿ ನಿಮಗೆ ಅನುಮಾನವಿದೆ?’ ಎಂದು ಕೇಳಿ ನೋಡಿ. ಅವರು ಹೇಳಿದ್ದನ್ನು ಮೆತ್ತಗೆ ಮಾಡದೆ ಮುಂದಿನ ಸಭೆಯಲ್ಲಿ ಮಂಡಳಿಯ ಮುಂದಿಡಿ.