ಮೂರು ವಾರಕ್ಕೊಮ್ಮೆ ಬೇಕಾದ ಪೆನಿಸಿಲಿನ್ ಇಂಜೆಕ್ಷನ್ ಸಿಗ್ತಿಲ್ಲ. ಚೀನಾದಿಂದ ಮಾಲು ಬಂದಿಲ್ಲ ಅನ್ನೋದು ನಿಜಾನಾ?

ನಿಮ್ಮ ಅಕ್ಕನ ಮಗಳಿಗೆ ರುಮ್ಯಾಟಿಕ್ ಹೃದಯದ ತೊಂದರೆ ಇದೆ, ಬೆಂಜಥೀನ್ ಪೆನಿಸಿಲಿನ್ ಮಂಡ್ಯದಲ್ಲಿ ಸಿಗ್ತಿಲ್ಲ, ಕೇಳಿದರೆ ಅಂಗಡಿಯವರು ಚೀನಾ ಕಡೆ ಕೈ ತೋರಿಸುತ್ತಾರೆ ಅಂತ ಬರೆದಿದ್ದೀರಿ. ಜಗತ್ತಿಗೇ ಮಾತ್ರೆ ಮಾರುವ ದೇಶದಲ್ಲಿ ಇದೇನು ಕರ್ಮ ಅಂತಲೂ ಕೇಳಿದ್ದೀರಿ. ನಾನು ಇದೇ ಊರಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವವನು. ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಇನ್ನರ್ಧ ಅವರಿಗೂ ಗೊತ್ತು, ಹೇಳುವುದಿಲ್ಲ ಅಷ್ಟೆ.

ಮೊದಲು ಹುಡುಗಿಯ ವಿಷಯ. ಡೋಸ್ ತಪ್ಪಿಸಬೇಡಿ. ಗಂಟಲು ನೋವಿನ ಸೋಂಕು ಮತ್ತೆ ಬಂದರೆ ಹೃದಯದ ಕವಾಟ ಇನ್ನಷ್ಟು ಕೆಡಬಹುದು, ಇಂಜೆಕ್ಷನ್ ಇರುವುದೇ ಅದನ್ನು ತಡೆಯಲು. ಇಲ್ಲಿ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ, ಮೈಸೂರಿನ ಜಯದೇವ ಹೃದಯ ಆಸ್ಪತ್ರೆಯಲ್ಲಿ, ಕೆ.ಆರ್. ಆಸ್ಪತ್ರೆ ಸುತ್ತಮುತ್ತಲ ಅಂಗಡಿಗಳಲ್ಲಿ ವಿಚಾರಿಸಿ. ಬಸ್ ಹತ್ತುವ ಮುಂಚೆ ಫೋನ್ ಮಾಡಿ, ಸುಮ್ನೆ ಅಲೆದಾಟ ಬೇಡ. ಬ್ರಾಂಡ್ ಹೆಸರು ಹೇಳಿ ಕೇಳಿದರೆ 'ಇಲ್ಲ' ಅಂದು ಕಳಿಸಿಬಿಡುತ್ತಾರೆ. ಔಷಧಿಯ ಹೆಸರು, ಚೀಟಿಯಲ್ಲಿರುವ ಯೂನಿಟ್ ಎರಡನ್ನೂ ಹೇಳಿ. ಒಂದು ಕಂಪನಿಯದು ಖಾಲಿಯಾದಾಗ ಇನ್ನೊಂದರದು ಎಲ್ಲೋ ಮೂಲೆಯಲ್ಲಿ ಇರುವುದುಂಟು. ಎಲ್ಲೂ ಸಿಗದಿದ್ದರೆ ದಿನ ತಳ್ಳದೆ ಡಾಕ್ಟರನ್ನು ನೋಡಿ. ನುಂಗುವ ಪೆನಿಸಿಲಿನ್ ಬರೆದುಕೊಡಬಹುದು. ದಿನಾ ತಪ್ಪದೆ ನುಂಗಬೇಕು, ಮಕ್ಕಳ ಹತ್ತಿರ ಅದೇ ಕಷ್ಟ.

ಒಂದು ಎಚ್ಚರ. ಬೆಂಜೈಲ್ ಪೆನಿಸಿಲಿನ್ ಅಂತ ಇನ್ನೊಂದು ಇಂಜೆಕ್ಷನ್ ಇದೆ. ಹೆಸರು ಹತ್ತಿರ ಹತ್ತಿರ, ಕೆಲಸ ಬೇರೆ. ಅದು ಕೆಲವೇ ಗಂಟೆಗಳಲ್ಲಿ ಮೈಯಿಂದ ಹೊರಟುಹೋಗುತ್ತದೆ. ನಿಮ್ಮದು ಮಾಂಸಖಂಡದಲ್ಲಿ ಕೂತು ವಾರಗಟ್ಟಲೆ ನಿಧಾನವಾಗಿ ಇಳಿಯುವಂಥದ್ದು. 'ಇದೂ ಪೆನಿಸಿಲಿನ್ನೇ, ತಗೊಳ್ಳಿ' ಅಂದರೆ ಒಪ್ಪಬೇಡಿ.

ಈಗ ಚೀನಾ ವಿಷಯಕ್ಕೆ ಬರೋಣ. ಈ ಇಂಜೆಕ್ಷನ್ ಇರಲಿ, ಮನೆ ಮನೆಯಲ್ಲಿರುವ ಅಮಾಕ್ಸಿಸಿಲಿನ್ ಇರಲಿ, ಎಲ್ಲದರ ಮೂಲ ಪೆನಿಸಿಲಿನ್ ಜಿ. ಮಾತ್ರೆ, ಇಂಜೆಕ್ಷನ್ ಮಾಡಲು ಬಳಸುವ ಮೂಲ ಔಷಧಿಗೆ ನಾವು ವ್ಯಾಪಾರದಲ್ಲಿ ಬಲ್ಕ್ ಡ್ರಗ್ ಅನ್ನುತ್ತೇವೆ, ಇದು ಆ ಸಾಲಿನದು. ಹಣದ ಲೆಕ್ಕದಲ್ಲಿ ನೋಡಿದರೆ ಭಾರತ ಆಮದು ಮಾಡಿಕೊಳ್ಳುವ ಬಲ್ಕ್ ಡ್ರಗ್ ಪೈಕಿ ಸುಮಾರು ಮೂರನೇ ಎರಡು ಭಾಗ ಚೀನಾದ್ದು. ಪೆನಿಸಿಲಿನ್ ಜಿ ವಿಷಯದಲ್ಲಂತೂ ವರ್ಷಗಟ್ಟಲೆ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ಬರುತ್ತಿತ್ತು. ಪಕ್ಕದ ಮನೆಯ ಹಿಟ್ಟು ತಂದು ದೋಸೆ ಹುಯ್ದು ಊರಿಗೆಲ್ಲ ಮಾರುತ್ತಿದ್ದೇವೆ ಅನ್ನಿ.

ನಮಗೆ ಮಾಡಲು ಬರುತ್ತಿರಲಿಲ್ಲ ಅಂತಲ್ಲ. ಪುಣೆ ಹತ್ತಿರದ ಪಿಂಪ್ರಿಯಲ್ಲಿ 1954ರಲ್ಲೇ ಸರ್ಕಾರ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಟ್ಟಿತ್ತು. ಆಮೇಲೆ ಸೋವಿಯತ್ ನೆರವಿನಿಂದ ಋಷಿಕೇಶದಲ್ಲೂ ಕಾರ್ಖಾನೆ ಬಂತು. 1990ರ ದಶಕದಿಂದ ಚೀನಾದ ಅಗ್ಗದ ಮಾಲು ಬರತೊಡಗಿತು. ಇಲ್ಲಿನ ತಯಾರಕರು ಒಬ್ಬೊಬ್ಬರಾಗಿ ಕೈಬಿಟ್ಟರು.

ಸಕ್ಕರೆ ಜಿಲ್ಲೆಯವರಾದ ನಮಗೆ ಒಂದು ಅನುಮಾನ ಬರಬೇಕು. ಪೆನಿಸಿಲಿನ್ ಸಿಗುವುದು ಒಂದು ಬೂಷ್ಟಿನಿಂದ. ಅದಕ್ಕೆ ಸಕ್ಕರೆ ಅಂಶ ತಿನ್ನಿಸಿ ದೊಡ್ಡ ದೊಡ್ಡ ಟ್ಯಾಂಕ್‌ಗಳಲ್ಲಿ ಬೆಳೆಸುತ್ತಾರೆ. ಸಕ್ಕರೆಗೆ ನಮ್ಮಲ್ಲಿ ಬರವೇ? ಇಲ್ಲ. ಆದರೆ ಟ್ಯಾಂಕಿಗೆ ದಿನಗಟ್ಟಲೆ ಬಿಡದೆ ಗಾಳಿ ಊದಬೇಕು, ತಿರುಗಿಸಬೇಕು, ಬಿಸಿ ಒಂದೇ ಹದದಲ್ಲಿರಬೇಕು. ಕರೆಂಟ್ ಹೋದರೆ ಅಥವಾ ಬ್ಯಾಕ್ಟೀರಿಯಾ ಸೇರಿಕೊಂಡರೆ ಇಡೀ ಟ್ಯಾಂಕ್ ಚರಂಡಿಗೆ. ಉಳಿದ ಗಲೀಜು ನೀರನ್ನು ಶುದ್ಧ ಮಾಡಲು ಬೇರೆ ಖರ್ಚು. ಚೀನಾದವರು ಇದನ್ನು ಭಾರೀ ಪ್ರಮಾಣದಲ್ಲಿ ಮಾಡುತ್ತಾರೆ, ಹಾಗಾಗಿ ಕಿಲೋ ಲೆಕ್ಕದಲ್ಲಿ ಅಗ್ಗ ಬೀಳುತ್ತದೆ.

2020ರಲ್ಲಿ ಇದರ ಬಿಸಿ ಎಲ್ಲರಿಗೂ ತಟ್ಟಿತು. ಕೋವಿಡ್‌ನಿಂದ ಚೀನಾದಲ್ಲಿ ಕೆಲಸ ನಿಂತಾಗ ಮಾರ್ಚ್ 3ರಂದು ನಮ್ಮ ಸರ್ಕಾರ ಪ್ಯಾರಸಿಟಮಾಲ್ ಸೇರಿ 26 ಬಗೆಯ ಬಲ್ಕ್ ಡ್ರಗ್ ಮತ್ತು ಔಷಧಿಗಳ ರಫ್ತಿಗೆ ತಡೆ ಹಾಕಿತು. ಅದೇ ತಿಂಗಳ ಕೊನೆಯಲ್ಲಿ ನಂಜನಗೂಡಿನ ಔಷಧಿ ಕಾರ್ಖಾನೆಯಲ್ಲಿ ಕೋವಿಡ್ ಹರಡಿ ಬಾಗಿಲು ಹಾಕಿದ್ದು ನಿಮಗೂ ನೆನಪಿರಬಹುದು. ಅದೂ ಬಲ್ಕ್ ಡ್ರಗ್ ಮಾಡುವ ಜಾಗವೇ. ಮೈಸೂರಿನಿಂದ ಕೂಗಳತೆಯಲ್ಲಿದೆ, ಹಾಗಂತ ಅಲ್ಲಿ ತಯಾರಾದದ್ದು ನನ್ನ ಅಂಗಡಿಗೆ ನೇರ ಬರುವುದಿಲ್ಲ. ಬಲ್ಕ್ ಡ್ರಗ್ ಇನ್ನೆಲ್ಲಿಗೋ ಹೋಗಿ ಮಾತ್ರೆಯಾಗಿ, ಸ್ಟಾಕಿಸ್ಟ್ ಅಂದರೆ ಸಗಟು ವ್ಯಾಪಾರಿಯ ಕೈ ದಾಟಿ ಬರಬೇಕು.

ಇನ್ನು ಆ ಉಳಿದರ್ಧ. ಚೀನಾ ಒಂದೇ ಕಾರಣವಾಗಿದ್ದರೆ ದುಬಾರಿ ಔಷಧಿಗಳೂ ಆಗಾಗ ಮಾಯವಾಗಬೇಕಿತ್ತು, ಅಲ್ವಾ? ನನ್ನ ಅನುಭವದಲ್ಲಿ ಜಾಸ್ತಿ ಮಾಯವಾಗುವುದು ಹಳೆಯ, ಅಗ್ಗದ ಔಷಧಿ. ಬೆಲೆಗೆ ಸರ್ಕಾರದ ಮಿತಿ ಇರುತ್ತದೆ. ಮೂಲ ಮಾಲಿನ ದರ ಏರಿದರೆ ಕಂಪನಿಗೆ ಏನೂ ಗಿಟ್ಟುವುದಿಲ್ಲ, ತಯಾರಿಕೆ ಕಡಿಮೆ ಮಾಡುತ್ತದೆ. ದೆಹಲಿಗೂ ಇದು ಗೊತ್ತು. 2019ರಲ್ಲಿ 21, 2021ರಲ್ಲಿ 9, 2024ರ ಅಕ್ಟೋಬರಿನಲ್ಲಿ 8 ಔಷಧಿಗಳ ಮಿತಿಯನ್ನು ಬೆಲೆ ನಿಯಂತ್ರಣ ಪ್ರಾಧಿಕಾರ ಶೇ. 50 ಏರಿಸಿತು. ಆ ಎಂಟರಲ್ಲಿ ಬೆಂಜೈಲ್ ಪೆನಿಸಿಲಿನ್ ಕೂಡ ಇತ್ತು. ಬೆಲೆ ಏರಿದ್ದಕ್ಕೆ ಜನ ಬೈದರು. ನನಗಂತೂ ಸರಿ ಅನ್ನಿಸಿತು. ಸಿಗದ ಅಗ್ಗದ ಔಷಧಿ ಯಾರಿಗೆ ಬೇಕು?

ನಿಮ್ಮ ಇಂಜೆಕ್ಷನ್‌ಗೆ ಇನ್ನೊಂದು ಶಾಪವಿದೆ. ಪುಡಿಗೆ ನೀರು ಬೆರೆಸಿದರೆ ಬೆಳ್ಳಗೆ ಮಂದವಾಗುತ್ತದೆ, ತಡ ಮಾಡಿದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ. ಸೊಂಟಕ್ಕೆ ಹಾಕಿದರೆ ದೊಡ್ಡವರೂ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಅಲರ್ಜಿ ಆದೀತೆಂಬ ಭಯಕ್ಕೆ ಎಷ್ಟೋ ಕ್ಲಿನಿಕ್‌ನವರು 'ದೊಡ್ಡಾಸ್ಪತ್ರೆಗೆ ಹೋಗಿ' ಅನ್ನುತ್ತಾರೆ. ಕ್ಲಿನಿಕ್‌ನಲ್ಲಿ ಹಾಕದಿದ್ದರೆ ಅಂಗಡಿಯಲ್ಲಿ ಓಡುವುದಿಲ್ಲ. ಓಡದ ಮಾಲು ತಂದಿಟ್ಟರೆ ಎಕ್ಸ್‌ಪೈರಿ ಆಗುತ್ತದೆ. ಹಾಗಾಗಿ ಮೈಸೂರಿನ ಸ್ಟಾಕಿಸ್ಟ್ ಕೂಡ ಕಡಿಮೆ ತರಿಸುತ್ತಾನೆ. ಇದರಲ್ಲಿ ಚೀನಾದ ಕೈ ಏನೂ ಇಲ್ಲ ಕಣ್ರೀ.

ಮುಂದೆ ಸುಧಾರಿಸುತ್ತಾ ಅಂದರೆ, ಸ್ವಲ್ಪ ಆಸೆ ಇದೆ. 2020ರಲ್ಲಿ ಕೇಂದ್ರ ಸರ್ಕಾರ ಬಲ್ಕ್ ಡ್ರಗ್ ಇಲ್ಲೇ ತಯಾರಿಸಲು 6,940 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ತಂತು. ಅದರಡಿ ಆಂಧ್ರದ ಕಾಕಿನಾಡದಲ್ಲಿ ವರ್ಷಕ್ಕೆ 15,000 ಟನ್ ಪೆನಿಸಿಲಿನ್ ಜಿ ತಯಾರಿಸಬಲ್ಲ ಕಾರ್ಖಾನೆ 2024ರಲ್ಲಿ ಶುರುವಾಯಿತು. ಆದರೆ ಚೀನಾದವರು ದರ ಇಳಿಸಿದ ದಿನ ನಮ್ಮ ಕಂಪನಿಗಳು ಯಾರ ಹತ್ತಿರ ಕೊಳ್ಳುತ್ತವೆ? ಹಿಂದೆ ಮುಚ್ಚಿದ್ದೂ ಇದೇ ಲೆಕ್ಕಾಚಾರದಲ್ಲಿ.

ಬೆಲೆ ಪ್ರಾಧಿಕಾರದ 'ಫಾರ್ಮಾ ಜನ್ ಸಮಾಧಾನ್' ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಔಷಧಿ ಸಿಗದಿರುವ ಬಗ್ಗೆ ದೂರು ಹಾಕಬಹುದು. ಹಾಕಿ. ಮತ್ತೆ, ಸಿಕ್ಕಾಗ ಹೆದರಿ ಹತ್ತು ವಯಲ್ ತುಂಬಿಸಿಕೊಳ್ಳಬೇಡಿ, ಇನ್ನೊಂದು ಮಗುವಿಗೆ ಇಲ್ಲದಂತಾಗುತ್ತದೆ. ಎರಡು ಇದ್ದರೆ ಆರು ವಾರ ನಡೆಯುತ್ತದೆ. ಪರಿಚಯದ ಅಂಗಡಿಯಲ್ಲಿ ಮುಂದಿನ ಡೋಸ್ ಯಾವತ್ತು ಅಂತ ಈಗಲೇ ಬರೆಸಿಡಿ. ತಿಂಗಳು ತಿಂಗಳೂ ಗ್ಯಾರಂಟಿ ಗಿರಾಕಿ ಇದ್ದಾರೆ ಅಂದರೆ ನಾವೂ ಧೈರ್ಯ ಮಾಡಿ ತರಿಸುತ್ತೇವೆ.