ನೀರು ಬರುವುದು ಮೇಲಿನಿಂದ!

ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

ಮೇ ಕೊನೆಯ ಪತ್ತನಾಜೆ ಕಳೆದು ನಾಲ್ಕು ಮಳೆ ಬಿದ್ದರೆ ಸಾಕು, ನಾಯಿಯ ಡಾಕ್ಟರಾದ ನನ್ನ ಹತ್ತಿರ ಜನ ಬೂಟಿನ ವಿಷಯ ಕೇಳಲು ಶುರು ಮಾಡುತ್ತಾರೆ. ನಾಯಿಗೆ ಇಲಿಜ್ವರದ ಇಂಜೆಕ್ಷನ್ ಆಗಿದೆಯಾ ಅಂತ ನಾನು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ಇರಲಿ. ನಾನೂ ತುಂಬ ಮಳೆಗಾಲ ನಾಯಿಯ ಹಿಂದೆ ಕೆಸರು ತುಳಿದವನು. ಈ ಸಲ ಬರೆದೇ ಬಿಡುತ್ತೇನೆ.

ಪ್ರಶ್ನೆ: ಮನೆಯಲ್ಲಿ ಲ್ಯಾಬ್ರಡಾರ್ ಇದೆ. ದಿನಕ್ಕೆರಡು ಸಲ ತೋಟ, ಗದ್ದೆ, ತೋಡಿನ ಬದಿ ಸುತ್ತಿಸಬೇಕು. ಎಂಟು ಸಾವಿರ ಕೊಟ್ಟು ವಾಟರ್‌ಪ್ರೂಫ್ ಶೂ ತರಿಸಿದೆ. ಮೂರೇ ದಿನಕ್ಕೆ ಒಳಗೆಲ್ಲ ಒದ್ದೆ, ನಾತ. ಮೋಸ ಹೋದೆನಾ? (ಬದಿಯಡ್ಕದ ಓದುಗರು)

ಉತ್ತರ: ಮೋಸ ಏನಿಲ್ಲ. ಆ ಶೂ ಚಳಿ ಊರಿನದ್ದು. ಅದರ ಬಟ್ಟೆಯ ಒಳಗೆ ಒಂದು ತೆಳು ಪೊರೆ ಇರುತ್ತದೆ. ಪೊರೆಯ ತೂತಿನಲ್ಲಿ ನೀರಿನ ಹನಿ ನುಗ್ಗುವುದಿಲ್ಲ, ಬೆವರಿನ ಆವಿ ದಾಟುತ್ತದೆ. ಆದರೆ ಆವಿ ಸರಾಗವಾಗಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ತಣ್ಣಗೆ, ಒಣಗಿ ಇರಬೇಕು. ನಮ್ಮ ಆಟಿ ತಿಂಗಳ ಮಳೆಯಲ್ಲಿ ಕರಿದ ಹಪ್ಪಳ ತಟ್ಟೆಯಲ್ಲೇ ಮೆತ್ತಗಾಗುತ್ತದೆ. ಅಂಥ ಗಾಳಿಗೆ ನಿಮ್ಮ ಪಾದದ ಬೆವರು ಹೇಗೆ ಹೋಗಬೇಕು? ಮೇಲಿನ ಬಟ್ಟೆ ನೀರು ಕುಡಿದ ಮೇಲಂತೂ ಕೇಳುವುದೇ ಬೇಡ.

ಇನ್ನೊಂದು ಸಂಗತಿ ಇದೆ. ನಿಮ್ಮ ಶೂ ಒಳಗೆ ನೀರು ಬಂದದ್ದು ಬಹುಶಃ ಮೇಲಿನಿಂದ. ಶೂ ಇರುವುದು ಗಿಣ್ಣಿನವರೆಗೆ, ತೋಟದ ಕಣಿಯ (ಕಾಲುವೆಯ) ನೀರು ಅದಕ್ಕಿಂತ ಮೇಲೆ. ಕಣಿಗೆ ಇಳಿಯದಿದ್ದರೂ ಹುಲ್ಲಿನ ನೀರು ಪ್ಯಾಂಟಿಗೆ, ಪ್ಯಾಂಟಿನಿಂದ ಕಾಲುಚೀಲಕ್ಕೆ, ಅಲ್ಲಿಂದ ಶೂವಿಗೆ ಇಳಿಯುತ್ತದೆ. ಒಳಗೆ ಬಂದದ್ದನ್ನು ಹೊರಗೆ ಬಿಡದೆ ಹಿಡಿದಿಡುವುದೂ ಅದೇ ವಾಟರ್‌ಪ್ರೂಫ್, ಬಾಲ್ದಿಯ ಹಾಗೆ.

ಹಾಗಾಗಿ ಗಂಬೂಟು. ತೋಟದ ಕೆಲಸದವರು ಹಾಕುತ್ತಾರಲ್ಲ, ಅದೇ. ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ ನಿಂತರೆ ಸರಿಯಾದ ಎತ್ತರ. ಪಿ.ವಿ.ಸಿ.ಯದ್ದು ಅಗ್ಗ, ನೀರೂ ಬಿಡುವುದಿಲ್ಲ, ಆದರೆ ಗಟ್ಟಿ ಅಡಿಯದ್ದಾದರೆ ಒದ್ದೆ ಮುರಕಲ್ಲಿನ ಮೇಲೆ ಜಾರುತ್ತದೆ. ರಬ್ಬರಿನದ್ದು ಮೆತ್ತಗೆ, ಹಿಡಿತ ಜಾಸ್ತಿ. ಅಂಗಡಿಯಲ್ಲಿ ಅಡಿಯನ್ನು ಉಗುರಿನಿಂದ ಒತ್ತಿ ನೋಡಿ. ಸ್ವಲ್ಪವೂ ತಗ್ಗದಿದ್ದರೆ ಇಟ್ಟು ಬನ್ನಿ. ಅಡಿಯ ಕಚ್ಚುಗಳು ಆಳ ಇದ್ದರೆ ಸಾಲದು, ನಡುವೆ ಕಿರುಬೆರಳು ಹೋಗುವಷ್ಟು ಜಾಗ ಬೇಕು. ಒತ್ತೊತ್ತಾಗಿದ್ದರೆ ಗದ್ದೆಯ ಜೇಡಿಮಣ್ಣು ತುಂಬಿ ಹತ್ತು ಹೆಜ್ಜೆಗೆ ಅಡಿ ನುಣ್ಣಗಾಗುತ್ತದೆ.

ಸಂಜೆ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡು ಅಳತೆ ನೋಡಿ. ನಡೆಯುವಾಗ ಹಿಮ್ಮಡಿ ಎದ್ದು ಬೀಳಬಾರದು. ಸಡಿಲ ಬೂಟಾದರೆ ಬೂಟು ಗದ್ದೆಯಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ನಾಯಿ ಕೊಕ್ಕರೆ ನೋಡಿ ಎಳೆಯುವುದೂ ಸರಿಯಾಗಿ ಆಗಲೇ. ಹತ್ತಿಯ ಕಾಲುಚೀಲ ಬೇಡ, ಒಣಗುವುದೇ ಇಲ್ಲ. ಫುಟ್‌ಬಾಲ್ ಆಡುವವರ ಉದ್ದ ಕಾಲುಚೀಲ ಒಳ್ಳೆಯದು. ನಮ್ಮ ಕಾಸರಗೋಡಿನಲ್ಲಿ ಅದಕ್ಕೇನು ಬರ? ಬೂಟನ್ನು ಬಚ್ಚಲಿನ ಒಲೆಯ ಹತ್ತಿರ ಇಡಬೇಡಿ, ಬಿರಿಯುತ್ತದೆ. ಹಳೆ ಪೇಪರ್ ತುರುಕಿ, ಒದ್ದೆಯಾದ ಹಾಗೆ ಬದಲಿಸಿ.

ಯಾವ ಬೂಟೂ ಪಾಚಿಯ ಮೇಲೆ ನಿಲ್ಲುವುದಿಲ್ಲ. ಒಮ್ಮೆ ಅಡಿ ಸವೆದ ಬೂಟಿನಲ್ಲಿ ಅಡಿಕೆ ಮರದ ಸಂಕ ದಾಟುತ್ತಿದ್ದೆ, ನಾಯಿಯ ಬೆಲ್ಟನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು. ಆಚೆ ದಡದಲ್ಲಿ ಕೀರಿ ಕಂಡಿತು. ನಾಯಿ ಹಾರಿತು, ಹಿಂದೆಯೇ ನಾನು, ತೋಡಿಗೆ. ಮೂಳೆ ಕೂಡಲು ಆರು ವಾರ ಬೇಕಾಯಿತು. ಬೆಲ್ಟನ್ನು ಅಂಗೈಯಲ್ಲಿ ಹಿಡಿಯಿರಿ, ಬೇಕಾದಾಗ ಬಿಡುವ ಹಾಗೆ. ನಾಯಿ ಮನೆಗೆ ಬರುತ್ತದೆ.

ಪ್ರಶ್ನೆ: ಹೋದ ವರ್ಷ ನಾಲ್ಕೇ ಸಲ ಹಾಕಿದ ಶೂ ಕಪಾಟಿನಲ್ಲಿತ್ತು. ಈಗ ಹಾಕಿದರೆ ಅಂಗಳ ದಾಟುವಾಗಲೇ ಅಡಿ ಪುಡಿಪುಡಿ! (ಪೆರ್ಲ)

ಉತ್ತರ: ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಅಡಿಯ ಹಣೆಬರಹ ಅದು. ಗಾಳಿಯ ತೇವವೇ ಅದನ್ನು ಒಳಗಿಂದ ಮುರಿಯುತ್ತದೆ. ಹಾಕದೆ ಜೋಪಾನ ಮಾಡಿದರೂ ಉಳಿಯುವುದಿಲ್ಲ. ಅಂಟಿಸಿ ಕೊಡುತ್ತೇನೆ ಅನ್ನುವವರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಪ್ರಶ್ನೆ: ನಾಯಿಗೂ ಬೂಟು ಬೇಕಾ? (ಉಪ್ಪಳ)

ಉತ್ತರ: ಬೇಡ. ಬೆರಳ ಸಂದು ತೊಳೆದು, ಒರೆಸಿ.

ಪ್ರಶ್ನೆ: ಇಂಬಳ (ಜಿಗಣೆ) ಹತ್ತದ ಹಾಗೆ ನಾಯಿಯ ಕಾಲಿಗೆ ಸೀಮೆಎಣ್ಣೆ ಹಚ್ಚಬಹುದಾ? (ಅಡೂರು)

ಉತ್ತರ: ಯಾರು ಹೇಳಿಕೊಟ್ಟದ್ದು? ಚರ್ಮ ಸುಡುತ್ತದೆ. ನಾಯಿ ನೆಕ್ಕಿ, ಅದು ಶ್ವಾಸಕೋಶಕ್ಕೆ ಹೋದರೆ ಸತ್ತೇ ಹೋಗಬಹುದು. ಇಂಬಳ ಕುಡಿಯುವುದು ನಾಲ್ಕು ಹನಿ ರಕ್ತ. ಉಪ್ಪು ಹಾಕಲೂ ಹೋಗಬೇಡಿ, ಉಗುರಿನಿಂದ ಬಿಡಿಸಿ.

ಪ್ರಶ್ನೆ: ಗಂಬೂಟು ಇದ್ದರೆ ಹಾವಿನ ಭಯ ಇಲ್ಲ ಅಲ್ವಾ? (ಮುಳ್ಳೇರಿಯ)

ಉತ್ತರ: ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಹಾವು ಹೆಚ್ಚಾಗಿ ಕಚ್ಚುವುದು ಕಾಲಿಗೆ, ಆ ಮಟ್ಟಿಗೆ ಬೂಟು ಅಡ್ಡ ಬರುತ್ತದೆ. ಟಾರ್ಚ್ ಹಿಡಿಯಿರಿ. ಹಾಕುವ ಮುಂಚೆ ಬೂಟು ಕವುಚಿ ಕುಟ್ಟಿ. ಕಚ್ಚಿದರೆ ವಿಷಕಲ್ಲು ಇಡುವವರ ಮನೆ ಹುಡುಕಬೇಡಿ. ಆ ಕಲ್ಲು ವಿಷ ಎಳೆಯುವುದಿಲ್ಲ, ನಿಮ್ಮ ಒಂದು ಗಂಟೆ ಎಳೆಯುತ್ತದೆ. ಸೀದಾ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬೂಟು ಹಾಕಿದರೆ ಇಲಿಜ್ವರ ಬರುವುದಿಲ್ಲ ತಾನೇ? (ಪೈವಳಿಕೆ)

ಉತ್ತರ: ಒಳಗೆ ನೀರು ಹೋಗಿ, ಕಾಲಲ್ಲಿ ಗಾಯ ಇದ್ದರೆ ಬರಬಹುದು. ಇಲಿಯ ಮೂತ್ರದಿಂದ ಮಾತ್ರ ಅಲ್ಲ, ನಿಮ್ಮ ನಾಯಿಯ ಮೂತ್ರದಿಂದಲೂ. ಅದಕ್ಕೇ ನಾಯಿಗೆ ವರ್ಷಕ್ಕೊಮ್ಮೆ ಇಂಜೆಕ್ಷನ್ ಅಂತ ಬಾಯಿ ಬಡಿದುಕೊಳ್ಳುವುದು. ನಿಮಗೆ ಜ್ವರ, ಮೀನಖಂಡ ನೋವು ಬಂದರೆ ಕೆಸರಿಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಯಾವ ಕಂಪೆನಿಯದ್ದು ಒಳ್ಳೆಯದು? (ಹನ್ನೊಂದು ಜನ)

ಉತ್ತರ: ಹೇಳುವುದಿಲ್ಲ. ನಿಮ್ಮ ಕಾಲಿನ ಅಳತೆ ನನಗೆ ಗೊತ್ತಿಲ್ಲ.