ಕನ್ವರ್ಶನ್ ಆದ ಜಾಗಕ್ಕೆ ಮತ್ತೆ ಸಿಆರ್‌ಝಡ್ ಯಾಕೆ?

ಕಡಲ ಬದಿಯ ಜಾಗದ ಬಗ್ಗೆ ಬರುವ ಪತ್ರಗಳನ್ನು ಒಟ್ಟಿಗೆ ಓದಿದರೆ, ಒಂದೇ ಪತ್ರವನ್ನು ಬೇರೆ ಬೇರೆ ಊರಿನವರು ಬರೆದ ಹಾಗೆ ಕಾಣುತ್ತದೆ. ಕನ್ವರ್ಶನ್ (ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸುವುದು) ಆಗಿದೆ, ಬ್ರೋಕರ್ ತೊಂದರೆ ಇಲ್ಲ ಅಂದಿದ್ದಾರೆ, ಮುಂಗಡ ಕೊಟ್ಟಾಗಿದೆ, ಈಗ ಏನು ಮಾಡೋಣ? ಮುಂಗಡ ಕೊಡುವ ಮೊದಲು ಕೇಳಬೇಕಾದ್ದನ್ನು ಕೊಟ್ಟ ಮೇಲೆ ಕೇಳುತ್ತೀರಿ. ಇದು ನನಗೆ ಬೇಸರ ತರಿಸುತ್ತದೆ. ಹಾಗಾಗಿ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ. ಆರ್‌ಟಿಸಿ, ಇಸಿ, ಸರ್ವೆ ನಕ್ಷೆ ತೆಗೆಸುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟೂ ಮಾಡದವರು ಜಾಗದ ವ್ಯವಹಾರಕ್ಕೇ ಇಳಿಯಬಾರದು.

ಪ್ರಶ್ನೆ: ಉಡುಪಿ ಜಿಲ್ಲೆಯ ಗ್ರಾಮವೊಂದರಲ್ಲಿ ನಮಗೆ 42 ಸೆಂಟ್ಸ್ ಜಾಗ ಇದೆ. ಮುಂದೆ ಕಡಲು, ಸುಮಾರು 130 ಮೀಟರ್ ದೂರ. ಹಿಂದೆ ಹೊಳೆ. 2008ರಲ್ಲೇ ವಾಸದ ಉದ್ದೇಶಕ್ಕೆ ಡಿಸಿ ಕನ್ವರ್ಶನ್ ಆಗಿದೆ. ಈಗ ಆರು ಕಾಟೇಜ್ ಕಟ್ಟಿ ಸಣ್ಣ ರೆಸಾರ್ಟ್ ಮಾಡುವ ಆಸೆ. ಕನ್ವರ್ಶನ್ ಇರುವ ಕಾರಣ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ಬೇಡ, ಈಗ ಹೇಗೂ 50 ಮೀಟರ್ ಬಿಟ್ಟರೆ ಸಾಕು, ಯೋಜನಾ ಪ್ರಾಧಿಕಾರದಲ್ಲಿ ವಾಸದಿಂದ ವಾಣಿಜ್ಯಕ್ಕೆ ಭೂ ಬಳಕೆ ಬದಲಾವಣೆ ಮಾಡಿಸಿದರೆ ಆಯಿತು ಎಂದು ಒಬ್ಬರು ಹೇಳುತ್ತಾರೆ. ಮುಂದುವರಿಯಬಹುದೇ?

ಬೇಡ. ಆ ಮನುಷ್ಯ ಹೇಳಿದ ಮೂರೂ ಮಾತು ತಪ್ಪು.

ಮೊದಲು ನಿಮ್ಮ ಆಸೆಯ ವಿಷಯವನ್ನೇ ಮುಗಿಸುತ್ತೇನೆ. 2019ರ ಜನವರಿ 18ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ, ಗ್ರಾಮೀಣ ತೀರದಲ್ಲಿ, ಅಂದರೆ ಸಿಆರ್‌ಝಡ್-3ರಲ್ಲಿ, ಬೀಚ್ ರೆಸಾರ್ಟ್ ಕಟ್ಟಲು ಕನಿಷ್ಠ 0.4 ಹೆಕ್ಟೇರ್ ಜಾಗ ಇರಬೇಕು. ಅಂದರೆ ಸುಮಾರು 99 ಸೆಂಟ್ಸ್, ಹೆಚ್ಚುಕಡಿಮೆ ಒಂದು ಎಕರೆ. ಎಲ್ಲ ಮಹಡಿ ಸೇರಿ ಕಟ್ಟಡದ ವಿಸ್ತೀರ್ಣ ಜಾಗದ ಶೇ. 33 ಮೀರಬಾರದು. ಎತ್ತರ 9 ಮೀಟರ್ ದಾಟಬಾರದು, ನೆಲ ಮತ್ತು ಮೇಲೊಂದು ಮಹಡಿ ಅಷ್ಟೇ. ನಿಮ್ಮದು 42 ಸೆಂಟ್ಸ್. ಯಾವ ಕಚೇರಿಗೆ ಎಷ್ಟು ಸಲ ಹೋದರೂ 42 ಎಂಬುದು 99 ಆಗುವುದಿಲ್ಲ. ಇದನ್ನು ಹೇಳದೆ ನಿಮ್ಮಿಂದ ಹಣ ಕೇಳುವವರಿಗೆ ಒಂದೋ ನಿಯಮ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೆ.

ಪಕ್ಕದ ಜಾಗ ತೆಗೆದುಕೊಂಡು ಒಂದು ಎಕರೆ ಮಾಡುತ್ತೇನೆ ಅನ್ನಬಹುದು. ಅದಕ್ಕೂ ಮೊದಲು ಕೆಳಗಿನದ್ದನ್ನು ಓದಿ.

ಕನ್ವರ್ಶನ್ ವಿಷಯ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಸೆಕ್ಷನ್ 95ರ ಆದೇಶ ಹೇಳುವುದು ಒಂದೇ ಮಾತು: ಈ ಕೃಷಿ ಜಮೀನನ್ನು ಇನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಬಹುದು. ಅಲ್ಲಿ ಕಟ್ಟಡ ಕಟ್ಟಬಹುದು ಎಂದು ಅದು ಹೇಳುವುದಿಲ್ಲ. ನಿಮ್ಮ ಆದೇಶದ ಪ್ರತಿ ತೆಗೆದು ಕೊನೆಯ ಪುಟ ನೋಡಿ. ಸಾಮಾನ್ಯವಾಗಿ ಅಲ್ಲಿ ಷರತ್ತುಗಳ ಪಟ್ಟಿ ಇರುತ್ತದೆ. ಬೇರೆ ಇಲಾಖೆಗಳ ಅನುಮತಿ ಪಡೆಯಬೇಕು, ಷರತ್ತು ಮುರಿದರೆ ಆದೇಶ ರದ್ದು ಎಂದು ಅದರಲ್ಲೇ ಬರೆದಿರುತ್ತಾರೆ. ಜನ ಮೊದಲ ಪುಟದ ಸೀಲು, ಸಹಿ ನೋಡಿ ಲ್ಯಾಮಿನೇಟ್ ಮಾಡಿಸಿ ಇಡುತ್ತಾರೆ. ಕೊನೆಯ ಪುಟ ಓದುವುದಿಲ್ಲ. ಸಿಆರ್‌ಝಡ್ ಇರುವುದು ಕೇಂದ್ರದ ಪರಿಸರ ಸಂರಕ್ಷಣಾ ಕಾಯ್ದೆ 1986ರ ಅಡಿಯಲ್ಲಿ. ಕಂದಾಯದ ಆದೇಶ ಅದನ್ನು ಮೀರುವುದಿಲ್ಲ. 2008ರಲ್ಲಿ ನಿಮಗೆ ಕನ್ವರ್ಶನ್ ಸಿಗುವಾಗಲೂ 1991ರ ಮೊದಲ ಅಧಿಸೂಚನೆ ಜಾರಿಯಲ್ಲಿತ್ತು. ನಿಮ್ಮ ಜಾಗ ಆಗಲೂ ಸಿಆರ್‌ಝಡ್ ಒಳಗೇ ಇತ್ತು.

ಇನ್ನು 50 ಮೀಟರ್ ಕಥೆ. ಈಚೆಗೆ ಎಲ್ಲರ ಬಾಯಲ್ಲೂ ಇದೇ. 2019ರಲ್ಲಿ ಸಿಆರ್‌ಝಡ್-3ನ್ನು ಎರಡು ಭಾಗ ಮಾಡಿದರು. 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇರುವ ಕಡೆ 3ಎ. ಅಲ್ಲಿ ಉಬ್ಬರದ ಗೆರೆಯಿಂದ (ಉಬ್ಬರದ ನೀರು ಏರಿ ನಿಲ್ಲುವ ಗಡಿ) 50 ಮೀಟರ್ ಅಭಿವೃದ್ಧಿ ನಿಷೇಧಿತ ವಲಯ. ಜನಸಾಂದ್ರತೆ ಅದಕ್ಕಿಂತ ಕಮ್ಮಿ ಇದ್ದರೆ 3ಬಿ. ಅಲ್ಲಿ ಹಿಂದಿನ ಹಾಗೇ 200 ಮೀಟರ್. ನಿಮ್ಮ ಗ್ರಾಮ 3ಬಿಯಲ್ಲಿದ್ದರೆ ನಿಮ್ಮ ಜಾಗದ ಕಡಲ ಕಡೆಯ ಅಂಚಿನಿಂದ ಹಿಂದಕ್ಕೆ 70 ಮೀಟರ್ ವರೆಗೆ ಹೊಸ ಕಟ್ಟಡದ ಮಾತೇ ಇಲ್ಲ. 42 ಸೆಂಟ್ಸ್‌ನ ಜಾಗ ಸಾಮಾನ್ಯ ಆಕಾರದ್ದಾಗಿದ್ದರೆ ಅದು ಪೂರ್ತಿ ಅದರೊಳಗೆ ಬೀಳುತ್ತದೆ. ತೋಟ ಮಾಡಬಹುದು, ತೆಂಗು ಹಾಕಬಹುದು. ಅಧಿಕೃತವಾಗಿ ಇರುವ ಹಳೆ ಮನೆಯನ್ನು ಅದೇ ಪಾಯದಲ್ಲಿ ರಿಪೇರಿ ಮಾಡಬಹುದು. ನಿಮ್ಮ ಗ್ರಾಮ ಎ ಅಥವಾ ಬಿ ಎಂಬುದು ನಕ್ಷೆಯಲ್ಲಿದೆ. ಚಹಾ ಅಂಗಡಿಯಲ್ಲಿ ವಿಚಾರಿಸುವ ವಿಷಯ ಅಲ್ಲ.

ಹೊಳೆಯನ್ನು ನೀವು ಪ್ರಶ್ನೆಯಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದೀರಿ. ನನಗೆ ಜಾಸ್ತಿ ಚಿಂತೆ ಆದದ್ದು ಅದರ ಬಗ್ಗೆ. ಉಬ್ಬರ ಏರುವ ಹೊಳೆಯ ದಡಕ್ಕೂ ಸಿಆರ್‌ಝಡ್ ಇದೆ. ಈಗಿನ ಲೆಕ್ಕ 50 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಮ್ಮಿಯೋ ಅದು. ಹೊಳೆಯಲ್ಲಿ ಎಲ್ಲಿಯ ತನಕ ಈ ನಿಯಮ? ವರ್ಷದ ಅತಿ ಒಣ ಕಾಲದಲ್ಲಿ ಅಳೆದಾಗ ನೀರಿನ ಉಪ್ಪಿನಂಶ ಸಾವಿರಕ್ಕೆ 5 ಭಾಗ ಇರುವ ಜಾಗದ ತನಕ. ಮಳೆಗಾಲದಲ್ಲಿ ಕೆಂಪು ನೀರು ತುಂಬಿ ಹರಿಯುವ ಹೊಳೆ ಏಪ್ರಿಲ್, ಮೇನಲ್ಲಿ ಉಪ್ಪಾಗುತ್ತದೆ. ಆ ಹೊತ್ತಿನ ಉಪ್ಪೇ ಲೆಕ್ಕಕ್ಕೆ ಬರುವುದು. ಸ್ವರ್ಣಾ, ಸೀತಾ, ಪಂಚಗಂಗಾವಳಿ, ನೇತ್ರಾವತಿ, ಫಲ್ಗುಣಿ, ಶರಾವತಿ, ಅಘನಾಶಿನಿ, ಎಲ್ಲ ಅಳಿವೆಗಳಿಗೂ ಇದೇ ನಿಯಮ. ಕಡಲೇ ಕಾಣದ ಜಾಗದವರಿಗೂ ಸಿಆರ್‌ಝಡ್ ನೋಟಿಸು ಬರುವುದು ಹೀಗೆ. ನಿಮ್ಮದು ಎರಡೂ ಕಡೆ ನೀರಿರುವ ಜಾಗ. ಎರಡೂ ಕಡೆಯಿಂದ ಅಳೆಯಬೇಕು.

ಅಳೆಯುವುದು ಎಲ್ಲಿಂದ? ಅಲೆ ಬಂದು ಬಡಿಯುವ ಕಲ್ಲಿನ ತಡೆಗೋಡೆಯಿಂದ ಅಲ್ಲ. ಉಬ್ಬರದ ಗೆರೆಯನ್ನು ಗುರುತಿಸಲು ಅಧಿಕೃತ ಸಂಸ್ಥೆಗಳಿವೆ. ಚೆನ್ನೈನ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ ಅವುಗಳಲ್ಲಿ ಒಂದು. ಮೊಬೈಲ್‌ನ ಗೂಗಲ್ ನಕ್ಷೆಯಲ್ಲಿ ಬೆರಳಿಟ್ಟು ಅಳೆದು "130 ಮೀಟರ್ ಇದೆ" ಎಂದು ನನಗೆ ಬರೆಯಬೇಡಿ. ಕರಾವಳಿ ವಲಯ ನಿರ್ವಹಣಾ ಯೋಜನೆಯ ದೊಡ್ಡ ನಕ್ಷೆಯ ಫೋಟೋ ತೋರಿಸುವ ಬ್ರೋಕರ್‌ಗಳೂ ಇದ್ದಾರೆ. ಆ ನಕ್ಷೆಯ ಅಳತೆ 1:25,000. ಅಂದರೆ ಕಾಗದದ ಮೇಲಿನ 1 ಸೆಂಟಿಮೀಟರ್ ನೆಲದಲ್ಲಿ 250 ಮೀಟರ್. ನೀವು ಹುಡುಕುತ್ತಿರುವ 50 ಮೀಟರ್ ಅಲ್ಲಿ ಬರೀ 2 ಮಿಲಿಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಪೆನ್ನಿನಲ್ಲಿ ಗೆರೆ ಎಳೆದರೆ ಆ ಗೆರೆಯೇ ಹನ್ನೆರಡೂವರೆ ಮೀಟರ್ ನೆಲವನ್ನು ಮುಚ್ಚುತ್ತದೆ. ಮನೆಯ ಅಗಲದಷ್ಟು ಜಾಗ ಗೆರೆಯ ಅಡಿಯಲ್ಲೇ ಹೋಯಿತು, ಅಲ್ವಾ? ನಿಮಗೆ ಬೇಕಾದ್ದು 1:4,000 ಅಳತೆಯ ನಕ್ಷೆ. ಅದರಲ್ಲಿ 50 ಮೀಟರ್ ಅಂದರೆ ಒಂದೂಕಾಲು ಸೆಂಟಿಮೀಟರ್. ನಿಮ್ಮ ಸರ್ವೆ ನಂಬರಿನ ಗಡಿ, ಉಬ್ಬರದ ಗೆರೆ, ನಿಷೇಧಿತ ವಲಯದ ಗೆರೆ ಮೂರೂ ಬೇರೆ ಬೇರೆಯಾಗಿ ಕಾಣುತ್ತವೆ. ಎಷ್ಟೋ ಸಲ ಗೆರೆ ಜಾಗದ ನಡುವೆಯೇ ಹಾದು ಹೋಗಿರುತ್ತದೆ. ಆಗ ಎಷ್ಟು ಸೆಂಟ್ಸ್ ಒಳಗೆ, ಎಷ್ಟು ಹೊರಗೆ ಎಂಬುದರ ಮೇಲೆ ಮುಂದಿನ ಎಲ್ಲ ತೀರ್ಮಾನ.

ಮೂರನೆಯದು ಭೂ ಬಳಕೆ ಬದಲಾವಣೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಸೆಕ್ಷನ್ 14ಎ ಪ್ರಕಾರ ಯೋಜನಾ ಪ್ರಾಧಿಕಾರ ಮಾಸ್ಟರ್ ಪ್ಲಾನ್‌ನಲ್ಲಿ ಹಳದಿ (ವಾಸ) ಇರುವ ಜಾಗವನ್ನು ನೀಲಿ (ವಾಣಿಜ್ಯ) ಮಾಡಬಹುದು, ನಿಜ. ಆದರೆ ಅದಕ್ಕೆ ಸರ್ಕಾರದ ಪೂರ್ವಾನುಮತಿ ಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು. ಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕರೆಯಬೇಕು. ಎಲ್ಲಕ್ಕಿಂತ ಮುಖ್ಯ, ಭೂಮಿಯ ಬಳಕೆಗೆ ಸಂಬಂಧಿಸಿದ ಬೇರೆ ಯಾವ ಕಾನೂನಿಗೂ ಅದು ವಿರುದ್ಧ ಇರಬಾರದು ಎಂದು ಆ ಸೆಕ್ಷನ್‌ನಲ್ಲೇ ಬರೆದಿದೆ. ಸಿಆರ್‌ಝಡ್ ತಡೆಯುವ ಜಾಗದಲ್ಲಿ 14ಎ ಅರ್ಜಿ ಹಾಕುವುದು ಸುಮ್ನೆ ಖರ್ಚು. ಆಕ್ಷೇಪಣೆಯನ್ನು ಕಾಟ ಅಂದುಕೊಳ್ಳಬೇಡಿ. ನಿಮ್ಮ ಜಾಗದ ಮುಂದೆ ದೋಣಿ ಎಳೆದಿಡುವವರು, ಬಲೆ ಒಣಗಿಸುವವರು, ಕಡಲಿಗೆ ಇಳಿಯಲು ಆ ಕಾಲುದಾರಿಯನ್ನೇ ನಂಬಿದವರು ಇದ್ದಾರೆ. ಅವರು ಬರೆದುಕೊಟ್ಟ ಆಕ್ಷೇಪಣೆ ನ್ಯಾಯದ್ದೇ. ಬೇಲಿ ಹಾಕಿ ಅವರ ದಾರಿ ಮುಚ್ಚುವ ಯೋಜನೆಗೆ ಅನುಮತಿ ಸಿಗಬಾರದು ಎಂಬುದೇ ನನ್ನ ಅಭಿಪ್ರಾಯ.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ಸಿಆರ್‌ಝಡ್ ಸ್ಥಿತಿ. ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿ ಮಂಗಳೂರು, ಉಡುಪಿ, ಕಾರವಾರದಲ್ಲಿದೆ. ಸರ್ವೆ ನಂಬರ್ ಸಮೇತ ಅಲ್ಲಿ ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ. ಆಮೇಲೆ ಯೋಜನಾ ಪ್ರಾಧಿಕಾರದಿಂದ ಝೋನಿಂಗ್ ಸರ್ಟಿಫಿಕೇಟ್, ಅಂದರೆ ಮಾಸ್ಟರ್ ಪ್ಲಾನ್‌ನಲ್ಲಿ ಜಾಗ ಯಾವ ಬಳಕೆಗಿದೆ ಎಂಬ ಪತ್ರ. ಅದು ಹೊಂದದಿದ್ದರೆ 14ಎ. ಆಮೇಲೆ ಕಂದಾಯದಲ್ಲಿ ಉದ್ದೇಶ ಬದಲಾವಣೆ. ವಾಸದಿಂದ ವಾಣಿಜ್ಯಕ್ಕೆ ಹೋಗಲು ಭೂಕಂದಾಯ ಕಾಯ್ದೆಯ ಸೆಕ್ಷನ್ 97 ಇದೆ. ಕಟ್ಟಡದ ಲೈಸೆನ್ಸ್ ಕೊನೆಗೆ. ಬ್ರೋಕರ್‌ಗಳು ಇದನ್ನು ತಿರುಗಿಸಿ ಹಾಕುತ್ತಾರೆ. ಸುಲಭವಾಗಿ ಸಿಗುವ ಕಾಗದವನ್ನು ಮೊದಲು ತಂದುಕೊಟ್ಟು ಹಣ ಪಡೆದು, ಕಷ್ಟದ್ದು ಬಂದಾಗ ಫೋನ್ ಎತ್ತುವುದಿಲ್ಲ.

ಪಂಚಾಯತ್ ಲೈಸೆನ್ಸ್ ಸಿಕ್ಕರೆ ಆಮೇಲೆ ಯಾರು ಕೇಳುತ್ತಾರೆ ಅನ್ನುವವರಿಗೆ ಕೊಚ್ಚಿಯ ಮರಡಿನ ಉದಾಹರಣೆ ಕೊಡುತ್ತೇನೆ. ಅಲ್ಲಿನ ಫ್ಲಾಟ್‌ಗಳಿಗೆ ಪಂಚಾಯತ್ 2006ರಲ್ಲಿ ಅನುಮತಿ ಕೊಟ್ಟಿತ್ತು. ಕರಾವಳಿ ಪ್ರಾಧಿಕಾರದ ಒಪ್ಪಿಗೆ ಇರಲಿಲ್ಲ. ಜನ ಕೊಂಡು, ಸಂಸಾರ ಹೂಡಿ ವರ್ಷಗಟ್ಟಲೆ ಬದುಕಿದರು. 2019ರ ಮೇ 8ರಂದು ಸುಪ್ರೀಂ ಕೋರ್ಟ್ ಕೆಡವಲು ಹೇಳಿತು. ಆ ಪ್ರದೇಶ ಈಗ ಸಿಆರ್‌ಝಡ್-2ಕ್ಕೆ, ಅಂದರೆ ನಗರ ತೀರದ ವರ್ಗಕ್ಕೆ ಬಂದಿದೆ, ನಿಯಮ ಸಡಿಲ ಆಗಿದೆ ಎಂಬ ವಾದವೂ ಕೈ ಹಿಡಿಯಲಿಲ್ಲ. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳನ್ನು ಸ್ಫೋಟಿಸಿ ನೆಲಕ್ಕೆ ಉರುಳಿಸಿದರು. ನಮ್ಮ ಕರಾವಳಿಗೆ ಅನ್ವಯಿಸುವುದೂ ಅದೇ ಕಾನೂನು.

ನಿಮ್ಮ ಜಾಗದಲ್ಲಿ ಏನು ಸಾಧ್ಯ ಅಂದರೆ, ನಿಷೇಧಿತ ವಲಯದ ಆಚೆ ಒಂದಿಷ್ಟು ನೆಲ ಉಳಿದರೆ ಸ್ವಂತ ವಾಸಕ್ಕೆ ಒಂದು ಮನೆ. 300 ಚದರ ಮೀಟರ್ ಒಳಗಿನ ಸ್ವಂತ ವಾಸದ ಮನೆಗೆ ಸ್ಥಳೀಯ ಸಂಸ್ಥೆಯೇ ಸಿಆರ್‌ಝಡ್ ನಿಯಮ ಪರಿಶೀಲಿಸಿ ಒಪ್ಪಿಗೆ ಕೊಡಬಹುದು, ರಾಜ್ಯದ ಕರಾವಳಿ ಪ್ರಾಧಿಕಾರದ ತನಕ ಹೋಗಬೇಕಿಲ್ಲ. ಮನೆಯ ಹೆಸರಿನಲ್ಲಿ ಅನುಮತಿ ಪಡೆದು ಕಾಟೇಜ್ ಮಾಡುವ ಉಪಾಯವನ್ನು ದಯವಿಟ್ಟು ನನ್ನ ಹತ್ತಿರ ಕೇಳಬೇಡಿ.

ಹಳೆ ಮನೆಯನ್ನೇ ಹೋಂಸ್ಟೇ ಮಾಡಬಹುದೇ? (ಹೊನ್ನಾವರ)

ನೀವು ಅದೇ ಊರಿನವರಾಗಿದ್ದು, ಮನೆ ಅಧಿಕೃತವಾಗಿದ್ದು, ಪಾಯ, ವಿನ್ಯಾಸ, ಮುಂಭಾಗ ಯಾವುದನ್ನೂ ಬದಲಿಸದಿದ್ದರೆ ಮಾಡಬಹುದು. ಹಿತ್ತಲಲ್ಲಿ ಎರಡು ರೂಮು ಸೇರಿಸಿದ ದಿನ ಅದು ಹೋಂಸ್ಟೇ ಅಲ್ಲ.

ಈಗ ಕಟ್ಟಿಬಿಡೋಣ, ಅಕ್ರಮ ಸಕ್ರಮ ಬಂದಾಗ ಸರಿ ಮಾಡಿಸೋಣ ಅಂತಾರೆ. (ಸುರತ್ಕಲ್)

ಕೇಂದ್ರದ ಅಧಿಸೂಚನೆಯ ಉಲ್ಲಂಘನೆಯನ್ನು ರಾಜ್ಯದ ಯೋಜನೆ ಸಕ್ರಮ ಮಾಡಲಾರದು. 2024ರ ಏಪ್ರಿಲ್‌ನಿಂದ ಪರಿಸರ ಕಾಯ್ದೆಯ ದಂಡ 10 ಸಾವಿರದಿಂದ 15 ಲಕ್ಷ ರೂಪಾಯಿ ತನಕ ಇದೆ. ಕೆಡವುವ ಖರ್ಚು ಬೇರೆ. ಹಳೆ ದಿನಾಂಕದ ಮನೆ ತೆರಿಗೆ ರಸೀದಿ ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ಬಂದರೆ ಅದು ನೇರ ಫೋರ್ಜರಿ. ಜೈಲಿಗೆ ಹೋಗುವವರು ನೀವು.

ತಡೆಗೋಡೆ ಪಕ್ಕ ಹೊಸ ಮೀನುಗಾರಿಕಾ ರಸ್ತೆ ಆಗಿದೆ. ನಮ್ಮ ಜಾಗ ರಸ್ತೆಯ ಪೂರ್ವಕ್ಕಿದೆ. ನಗರ ವ್ಯಾಪ್ತಿ. ಕಟ್ಟಬಹುದಲ್ಲ? (ಮಂಗಳೂರು)

ಸಿಆರ್‌ಝಡ್-2ರಲ್ಲಿ ಮೊದಲಿನಿಂದ ಇದ್ದ ರಸ್ತೆಯ ಅಥವಾ ಅಧಿಕೃತ ಕಟ್ಟಡದ ನೆಲದ ಕಡೆಗೆ ಮಾತ್ರ ಕಟ್ಟಬಹುದು. ಅದರ ಮುಂದೆ, ಕಡಲ ಕಡೆಗೆ ಹೊಸದಾಗಿ ಮಾಡಿದ ರಸ್ತೆಯಿಂದ ಯಾವ ಹಕ್ಕೂ ಹುಟ್ಟುವುದಿಲ್ಲ.

ವರ್ಗ (ಪಟ್ಟಾ) ಜಾಗದ ಜೊತೆ ಕುಮ್ಕಿಯೂ ಸೇರಿ ಒಂದು ಎಕರೆ. ಒಟ್ಟಿಗೆ ಕನ್ವರ್ಶನ್ ಆಗುತ್ತಾ? (ಕಾಪು)

ಇಲ್ಲ. ಕುಮ್ಕಿ ಸರ್ಕಾರಿ ಜಾಗ. ನಿಮಗಿರುವುದು ಸೊಪ್ಪು, ಸೌದೆಯಂಥ ಸವಲತ್ತು ಮಾತ್ರ.

ಬೋರ್‌ವೆಲ್ ಹಾಕಿಸಬಹುದೇ? ಕಡಲಿಗೆ 150 ಮೀಟರ್. (ಮರವಂತೆ)

ವಾಣಿಜ್ಯಕ್ಕೆ ಬೇಡವೇ ಬೇಡ. 200 ಮೀಟರ್ ಒಳಗೆ ಸ್ಥಳೀಯರ ಬಳಕೆಗೆ ಬಿಟ್ಟು ಅಂತರ್ಜಲ ಎತ್ತುವಂತಿಲ್ಲ. ನೀವು ಪಂಪ್ ಹಚ್ಚಿದರೆ ಮೊದಲು ಉಪ್ಪಾಗುವುದು ಪಕ್ಕದ ಮನೆಯವರ ಬಾವಿ.

ನಾನು ಮಸ್ಕತ್‌ನಲ್ಲಿದ್ದೇನೆ. ಈಗ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದಂತೆ. ಕೊಂಡು ಕನ್ವರ್ಶನ್ ಮಾಡಿಸಲೇ?

2020ರಲ್ಲಿ ರಾಜ್ಯದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದದ್ದು ನಿಜ. ಆದರೆ ವಿದೇಶಿ ವಿನಿಮಯದ ನಿಯಮದಂತೆ ಅನಿವಾಸಿಗಳು ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಊರಲ್ಲಿರುವ ಅಣ್ಣನ ಹೆಸರಿನಲ್ಲಿ ಕೊಳ್ಳುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕಾಣಿ. ಬೇನಾಮಿ ಕಾಯ್ದೆಯ ಬಗ್ಗೆ ಅವರೇ ಹೇಳುತ್ತಾರೆ.

ಗಜನಿ ಗದ್ದೆಗೆ (ಅಳಿವೆ ಬದಿಯ ಉಪ್ಪುನೀರಿನ ಗದ್ದೆ) ಹಳೆ ಕಟ್ಟೆ ಇದೆ. ಸಿಆರ್‌ಝಡ್ ಕಟ್ಟೆಯ ತನಕವೋ, ಗದ್ದೆಯ ಒಳಗೂ ಬರುತ್ತದೋ? (ಕುಮಟಾ)

ಇದು ಒಳ್ಳೆಯ ಪ್ರಶ್ನೆ. ಕಟ್ಟೆ ಅಥವಾ ತೂಬು 1991ರ ಫೆಬ್ರವರಿ 19ಕ್ಕಿಂತ ಮೊದಲಿನದ್ದಾದರೆ ಉಬ್ಬರದ ಗೆರೆ ಆ ಕಟ್ಟೆಗೇ ನಿಲ್ಲುತ್ತದೆ. ಆದರೆ ಕಟ್ಟೆಯ ಒಳಗೆ ಉಪ್ಪುನೀರು ನುಗ್ಗಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬೆಳೆದಿದ್ದರೆ ಆ ಭಾಗ ಸಿಆರ್‌ಝಡ್-1ಎ, ಅಂದರೆ ಅತಿ ಸೂಕ್ಷ್ಮ ಪರಿಸರದ ವರ್ಗ ಆಗುತ್ತದೆ. ಕಟ್ಟೆ ಹಳೆಯದು ಎಂಬುದಕ್ಕೆ ಹಳೆ ಸರ್ವೆ ದಾಖಲೆ, ಖಾರ್‌ಲ್ಯಾಂಡ್ (ಉಪ್ಪುನೀರು ತಡೆಯುವ) ಕಾಮಗಾರಿಯ ಕಡತ ಹುಡುಕಿ ಇಟ್ಟುಕೊಳ್ಳಿ. ಕಾಂಡ್ಲಾ ಕಡಿದು ಜಾಗ ಖಾಲಿ ತೋರಿಸುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಹಳೆಯ ಉಪಗ್ರಹ ಚಿತ್ರದಲ್ಲಿ ಆ ಗಿಡಗಳು ಕಾಣುತ್ತವೆ.